ಕಲಿಯುವ ಕೈ, ಕಲಿಸುವ ಮೈ

ಕನ್ನಡದಲ್ಲಿ ವೈದ್ಯರು ಬರೆದ ಪುಸ್ತಕಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆದು ನೋಡಿದರೆ ಅದರಲ್ಲೊಂದು ವ್ಯಾಕರಣ ಕಣ್ಣಿಗೆ ಬೀಳುತ್ತದೆ. ಅನುಪಮಾ ನಿರಂಜನರ ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಇವನ್ನೇ ತೆಗೆದುಕೊಳ್ಳಿ. ಕಿವಿಮಾತು ಹೇಳುವವರು ಒಬ್ಬರು, ಕೇಳುವವರು ಇನ್ನೊಬ್ಬರು. ‘ಕೇಳು’ ಎಂಬುದು ನೇರ ಆಜ್ಞೆ. ದೀಪಿಕೆ ಎಂದ ಮೇಲೆ ಬೆಳಕು ಹಿಡಿದವರ ಕೈಯಲ್ಲಿದೆ, ಎದುರಿಗಿರುವವರು ಕತ್ತಲಲ್ಲಿದ್ದಾರೆ ಎಂದಾಯಿತು. ಸಂಹಿತೆಯಲ್ಲಂತೂ ಚಿತ್ತುಕಾಟಿಗೆ ಜಾಗವೇ ಇಲ್ಲ. ಈ ಪುಸ್ತಕಗಳಲ್ಲಿ ಮಾತಾಡುವ ವೈದ್ಯರು ಕಲಿತು ಮುಗಿಸಿದವರು. ಅವರು ಎಲ್ಲಿ ಕಲಿತರು, ಮೊದಲ ಸಲ ಸೂಜಿ ಹಿಡಿದಾಗ ಕೈ ನಡುಗಿತೇ, ಆ ಸೂಜಿ ಯಾರ ತೋಳಿಗೆ ಇಳಿಯಿತು ಎಂಬ ಪ್ರಶ್ನೆಗಳು ಈ ವ್ಯಾಕರಣದೊಳಗೆ ಏಳುವುದಿಲ್ಲ.

ಈ ಬರಹ ಆ ಪ್ರಶ್ನೆಗಳ ಕುರಿತದ್ದು. ಕನ್ನಡದ ವೈದ್ಯಸಾಹಿತ್ಯ ಪಳಗಿದ ಕೈಯ ಸಾಹಿತ್ಯ. ಕಲಿಯುತ್ತಿರುವ ಕೈ ಅದರಲ್ಲಿ ಅಪರೂಪ. ಆ ಕೈ ಕಾಣದಿರುವುದರಿಂದ ಇನ್ನೊಂದೂ ಕಾಣದಾಗಿದೆ: ಆ ಕೈಗೆ ಕಲಿಸಿದ ಮೈ. ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಮಲಗಿ, ತನ್ನ ರಕ್ತನಾಳ ಹುಡುಕುತ್ತಿರುವ ಹುಡುಗನಿಗೆ ಮೂರನೆಯ ಸಲವೂ ತೋಳು ಚಾಚಿದ ಮನುಷ್ಯ ವೈದ್ಯಶಿಕ್ಷಣದ ಬಹು ದೊಡ್ಡ ಗುರು. ಅವನಿಗೆ ಕನ್ನಡ ಸಾಹಿತ್ಯದಲ್ಲಿ ಮಂಚ ಸಿಕ್ಕಿಲ್ಲ.

1

ಆಜ್ಞಾರ್ಥದ ಈ ವ್ಯಾಕರಣ ಇಂದಿನದಲ್ಲ. 12ನೆಯ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’, 14ನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’, ಜಗದ್ದಳ ಸೋಮನಾಥನ ‘ಕಲ್ಯಾಣಕಾರಕ’ ಇವೆಲ್ಲ ವಿಧಿಯ ಪುಸ್ತಕಗಳು. ಈ ರೋಗಕ್ಕೆ ಇಂಥ ಬೇರು, ಈ ವಿಷಕ್ಕೆ ಇಂಥ ಮದ್ದು. ಹಸುವಿನ ಕಾಯಿಲೆಗೆ ಕನ್ನಡದಲ್ಲಿ ಬರೆದಿಡಬೇಕೆಂದು ಹೊರಟ ರಾಜಕುಮಾರನ ಬಗ್ಗೆ, ಹಾವಿನ ಭಯದಲ್ಲಿ ಬದುಕುವ ಜನಕ್ಕೆ ವಿಷವೈದ್ಯವನ್ನು ಕಾವ್ಯವಾಗಿಸಿದ ಕವಿಯ ಬಗ್ಗೆ ನಮಗೆ ಹೆಮ್ಮೆ ಇರಬೇಕು, ಇದೆ. ಆದರೆ ಮದ್ದನ್ನು ಪದ್ಯಕ್ಕೆ ಕಟ್ಟಿದ್ದರ ಉದ್ದೇಶವೇ ಅದು ನಾಲಿಗೆಯಲ್ಲಿ ಉಳಿಯಲಿ, ತಪ್ಪದಿರಲಿ ಎಂಬುದು. ಅಲ್ಲಿ ತಡವರಿಕೆ ಇದ್ದರೆ ಗ್ರಂಥವೇ ಕೆಟ್ಟಂತೆ. ವಚನಕಾರರಲ್ಲೊಬ್ಬ ವೈದ್ಯ ಸಂಗಣ್ಣನಿದ್ದಾನೆ. ಅವನು ರೋಗ, ಮದ್ದುಗಳ ಭಾಷೆಯನ್ನು ಅಧ್ಯಾತ್ಮದ ಕಡೆಗೆ ತಿರುಗಿಸಿಕೊಂಡ. ವೃತ್ತಿಯ ಕಲಿಕೆ ಅಲ್ಲೂ ಹಿಂದೆ ಸರಿಯಿತು.

ಆಧುನಿಕ ವೈದ್ಯಶಿಕ್ಷಣ ಹಳೆ ಮೈಸೂರಿಗೆ ಬಂದದ್ದು 1924ರಲ್ಲಿ. ಬೆಂಗಳೂರಿನಲ್ಲಿ ಶುರುವಾದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಹೋಯಿತು. ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ ಎಂಬ ಹುಡುಗಿ ಅಲ್ಲಿ ಓದಿ ಡಾಕ್ಟರಾಗಿ, ಅನುಪಮಾ ನಿರಂಜನ ಎಂಬ ಹೆಸರಿನಲ್ಲಿ ಬರೆದರು. ಅವರ ಸಲಹೆಯ ಪುಸ್ತಕಗಳನ್ನು ಹಗುರವಾಗಿ ಕಾಣುವಂತಿಲ್ಲ. ಮುಟ್ಟು, ಬಸಿರು, ಬಾಣಂತನಗಳ ಬಗ್ಗೆ ತಾಯಿಯೂ ಮಗಳಿಗೆ ಬಾಯಿಬಿಟ್ಟು ಹೇಳದ ಕಾಲದಲ್ಲಿ ಅಚ್ಚಾದ ಕನ್ನಡದಲ್ಲಿ ಒಬ್ಬ ವೈದ್ಯೆ ಹೇಳಿದರು. ಡಾಕ್ಟರು ಎಟುಕದ ಊರುಗಳಲ್ಲಿ ಆ ಪುಸ್ತಕಗಳೇ ಡಾಕ್ಟರ ಕೆಲಸ ಮಾಡಿದವು. ಓದುಗಳಿಗೆ ಬೇಕಿದ್ದದ್ದು ಧೈರ್ಯ. ಬರೆಯುವವರ ಅಳುಕನ್ನು ಕಟ್ಟಿಕೊಂಡು ಅವಳೇನು ಮಾಡಬೇಕಿತ್ತು? ಆಜ್ಞಾರ್ಥಕ್ಕೆ ಆಗ ನ್ಯಾಯವಾದ ಕಾರಣವಿತ್ತು.

ಇದೇ ಹೊತ್ತಿಗೆ ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿ, ಬೇರೆ ದಾರಿ ಹಿಡಿದಿದ್ದರು. 1942ರಲ್ಲಿ ಅವರು ಶುರು ಮಾಡಿದ ಹಾಸ್ಯಪತ್ರಿಕೆಗೆ ಇಟ್ಟ ಹೆಸರು ‘ಕೊರವಂಜಿ’. ಕೊರವಂಜಿ ಮನೆಬಾಗಿಲಿಗೆ ಬಂದು ಕೈ ಹಿಡಿದು ಒಳಗಿನದನ್ನು ಹೇಳುವವಳು. ನಾಡಿ ಹಿಡಿಯುವ ಡಾಕ್ಟರು ಕಣಿ ಹೇಳುವವಳ ವೇಷ ಹಾಕಿಕೊಂಡದ್ದೇ ಒಂದು ಒಳ್ಳೆಯ ತಮಾಷೆ. ಅವರ ನಗೆ ವೈದ್ಯರ ಬಿಗುಮಾನವನ್ನು ಇಳಿಸಿತು. ಆಮೇಲೆ ಅವರಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದದ್ದು ‘ಮನಮಂಥನ’, ಮನೋವೈದ್ಯರಾಗಿ ಬರೆದ ಪುಸ್ತಕ. ಹಾಸ್ಯದಲ್ಲಿ ಡಾಕ್ಟರು ತಪ್ಪಬಹುದು. ಆದರೆ ಹಾಸ್ಯದ ಡಾಕ್ಟರು ಒಂದು ಮಾದರಿ, ಹಾಸ್ಯದ ರೋಗಿಯೂ ಒಂದು ಮಾದರಿ. ಇಂಥ ದಿನ, ಇಂಥ ಮಂಚ, ಇಂಥ ಮನುಷ್ಯ ಎಂಬ ಗುರುತು ಅಲ್ಲಿ ಬೇಕಾಗುವುದಿಲ್ಲ.

ಮಂಚದ ಕಡೆಯಿಂದ ಬರೆದವರು ತ್ರಿವೇಣಿ. ಅವರು ವೈದ್ಯರಲ್ಲ. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಆರೋಗ್ಯ ಕಳೆದುಕೊಂಡು, ಆಸ್ಪತ್ರೆಗೆ ಹೋಗಿ, ವಾಸಿಯಾಗಿ ಮನೆಗೆ ಬರುತ್ತಾಳೆ. ಕಾದಂಬರಿಯ ಇರಿತ ಇರುವುದು ಆಮೇಲಿನದರಲ್ಲಿ. ಅವಳು ಗುಣವಾದಳೆಂದು ಆಸ್ಪತ್ರೆ ಹೇಳಿದರೂ ಮನೆ ಒಪ್ಪುವುದಿಲ್ಲ. ಕನ್ನಡ ಕಾದಂಬರಿಗೆ ಆಸ್ಪತ್ರೆ ಬಹುಮಟ್ಟಿಗೆ ಹೀಗೆಯೇ ಒದಗಿದೆ: ಪಾತ್ರಗಳು ಹೋಗಿ ಬರುವ ಜಾಗವಾಗಿ. ಗೋಡೆಯೊಳಗೆ ಕಲಿಯುವವರು, ಕಲಿಸುವವರು, ಕಲಿಕೆಗೆ ಮೈಯೊಡ್ಡಿದವರು ಇದ್ದಾರೆಂಬುದು ಕಥೆಯ ಹೊರಗೇ ಉಳಿಯುತ್ತದೆ.

ವೈದ್ಯರ ಆತ್ಮಕಥನಗಳು ಬಂದ ಮೇಲೆ ಬಾಗಿಲು ಸ್ವಲ್ಪ ತೆರೆಯಿತು. ಅನುಪಮಾ ಅವರ ‘ನೆನಪು: ಸಿಹಿ-ಕಹಿ’ಯಲ್ಲಿ ಸಂಹಿತೆ ಬರೆದವರೇ ತಮ್ಮ ಬದುಕಿನ ಕಡೆ ತಿರುಗಿದರು. ದಾವಣಗೆರೆಯ ಪ್ರಸೂತಿ ತಜ್ಞೆ ಡಾ. ಎಚ್. ಗಿರಿಜಮ್ಮನವರ ಆತ್ಮಕಥನದ ಹೆಸರು ‘ಕಾಡತಾವ ನೆನಪುಗಳು’. ಆ ‘ಕಾಡತಾವ’ ಎಂಬ ಕ್ರಿಯಾಪದವನ್ನು ಗಮನಿಸಬೇಕು. ಶಿಷ್ಟ ಬರಹದಲ್ಲಿ ಅದು ‘ಕಾಡುತ್ತವೆ’ ಆಗಬೇಕಿತ್ತು. ಹೆರಿಗೆ ವಾರ್ಡಿನಲ್ಲಿ ಕಿವಿಗೆ ಬೀಳುವ ಮಾತಿನ ಲಯ ಪುಸ್ತಕದ ಹಣೆಗೇ ಬಂದು ಕೂತಿದೆ. ಅಷ್ಟೇ ಅಲ್ಲ, ಇಲ್ಲಿ ಕೇಳು ಎಂಬ ಆಜ್ಞೆ ಹೋಗಿದೆ. ಹೇಳುವವರನ್ನೇ ಯಾವುದೋ ಕಾಡುತ್ತಿದೆ. ಉತ್ತರ ಕನ್ನಡದ ಕವಲಕ್ಕಿಯಲ್ಲಿ ವೃತ್ತಿ ನಡೆಸುತ್ತ ಬರೆಯುವ ಎಚ್.ಎಸ್. ಅನುಪಮಾ ಅವರಂಥವರು ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿದ್ದಾರೆ. ಕಿವಿಮಾತಿನಿಂದ ಕಾಡುವ ನೆನಪಿಗೆ ಬಂದದ್ದು ದೊಡ್ಡ ದಾರಿ. ಆದರೆ ಆತ್ಮಕಥನದ ನೋಟ ದೂರದಿಂದ ಬರುವಂಥದು. ಮೂವತ್ತು ನಲವತ್ತು ವರ್ಷಗಳ ಅನುಭವದ ಮೇಲೆ ಕೂತವರಿಗೆ ಮೊದಲ ರಾತ್ರಿಪಾಳಿ ಒಂದು ಅಧ್ಯಾಯದ ಕೆಲವು ಪುಟ. ಗೆದ್ದವರ ನೆನಪಿನಲ್ಲಿ ಆರಂಭದ ತಡವರಿಕೆ ತಾನಾಗಿ ಮೆತ್ತಗಾಗುತ್ತದೆ.

2

ತಡವರಿಕೆಯನ್ನೇ ವಸ್ತುವಾಗಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ರಷ್ಯನ್ ಲೇಖಕ ಮಿಖಾಯಿಲ್ ಬುಲ್ಗಾಕೋವ್ ಒಳ್ಳೆಯ ಉದಾಹರಣೆ. ಡಾಕ್ಟರ್ ಪದವಿ ಪಡೆದ ಆತ 1916-17ರಲ್ಲಿ ಸ್ಮೊಲೆನ್‌ಸ್ಕ್ ಪ್ರಾಂತದ ನಿಕೋಲ್ಸ್ಕೊಯೆ ಎಂಬ ಕುಗ್ರಾಮದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ. ಆ ಅನುಭವದ ಕಥೆಗಳನ್ನು 1925-26ರಲ್ಲಿ ವೈದ್ಯಕೀಯ ಸಿಬ್ಬಂದಿಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ‘ತರುಣ ವೈದ್ಯನ ಟಿಪ್ಪಣಿಗಳು’ ಎಂದು ಈಗ ಒಟ್ಟಾಗಿ ಓದುವುದು ಇವನ್ನೇ.

ಒಂದು ಕಥೆಯಲ್ಲಿ ನಾರಿನ ಯಂತ್ರಕ್ಕೆ ಸಿಕ್ಕು ಜಜ್ಜಿಹೋದ ಹುಡುಗಿಯನ್ನು ತಂದೆ ಹೊತ್ತು ತರುತ್ತಾನೆ. ಡಾಕ್ಟರನಾಗಿ ಇನ್ನೂ ಎರಡು ತಿಂಗಳೂ ತುಂಬದ ಹುಡುಗ ಅವಳ ಕಾಲು ಕತ್ತರಿಸಬೇಕು. ಅವನು ಹಿಂದೆಂದೂ ಅದನ್ನು ಮಾಡಿಲ್ಲ. ಅವಳು ಈಗಲೇ ಸತ್ತುಹೋಗಬಾರದೇ, ತನ್ನ ಕೈಯಲ್ಲಿ ಸಾಯುವುದು ತಪ್ಪುತ್ತದಲ್ಲ ಎಂದು ಒಳಗೊಳಗೇ ಹಾರೈಸುತ್ತಾನೆ. ಹುಡುಗಿ ಬದುಕುತ್ತಾಳೆ. ಇಂಥವನ್ನು ನೀವು ಎಷ್ಟೋ ಮಾಡಿರಬೇಕು ಎಂದು ದಾದಿ ಮೆಚ್ಚಿ ಕೇಳಿದಾಗ ಅವನು ಎರಡು ಮಾಡಿದ್ದೇನೆಂದು ಸುಳ್ಳು ಹೇಳುತ್ತಾನೆ. ಆ ಸಣ್ಣ ಸುಳ್ಳು ಇಡೀ ವೈದ್ಯಶಿಕ್ಷಣದ ಗುಟ್ಟು. ಮೊದಲ ಸಲ ಮಾಡುವವನು ಎಂದೂ ಮೊದಲ ಸಲ ಮಾಡುವವನಾಗಿ ಕಾಣುವಂತಿಲ್ಲ.

ಇನ್ನೊಂದು ಕಥೆಯಲ್ಲಿ ಮಗು ಅಡ್ಡ ತಿರುಗಿದೆ. ಹುಡುಗ ಸಿಗರೇಟು ತರುವ ನೆಪದಲ್ಲಿ ತನ್ನ ಕೋಣೆಗೆ ಓಡಿ ಪ್ರಸೂತಿಶಾಸ್ತ್ರದ ದಪ್ಪ ಪುಸ್ತಕ ತೆರೆಯುತ್ತಾನೆ. ಚಿತ್ರಗಳು, ಎಚ್ಚರಿಕೆಗಳು, ಒಂದೂ ತಲೆಗೆ ಇಳಿಯುವುದಿಲ್ಲ. ಮರಳಿ ಬಂದು ಕೈ ತೊಳೆಯುತ್ತ ನಿಂತಾಗ ಅನುಭವಸ್ಥ ಸೂಲಗಿತ್ತಿ ಅನ್ನಾ ನಿಕೊಲಾಯೆವ್ನಾ ಹಿಂದಿನ ಡಾಕ್ಟರು ಇದನ್ನು ಹೇಗೆ ಮಾಡುತ್ತಿದ್ದರೆಂದು ಮಾತಿಗೆ ಮಾತು ಎಂಬಂತೆ ಹೇಳುತ್ತಾಳೆ. ಪುಸ್ತಕ ಕೊಡದ್ದನ್ನು ಆ ಹತ್ತು ನಿಮಿಷ ಕೊಡುತ್ತವೆ. ಎಲ್ಲ ಮುಗಿದು ರಾತ್ರಿ ಮತ್ತೆ ಪುಸ್ತಕ ತೆರೆದರೆ ಅದೇ ಸಾಲುಗಳು ಈಗ ಬೆಳ್ಳಗೆ ಅರ್ಥವಾಗುತ್ತವೆ. ಅವಳು ತನಗೆ ಕಲಿಸುತ್ತಿದ್ದೇನೆಂದು ತೋರಿಸಿಕೊಳ್ಳುವುದಿಲ್ಲ, ಇವನು ಕಲಿಯುತ್ತಿದ್ದೇನೆಂದು ಒಪ್ಪಿಕೊಳ್ಳುವುದಿಲ್ಲ. ನಮ್ಮ ವಾರ್ಡುಗಳಲ್ಲಿ ಹಿರಿಯ ಸಿಸ್ಟರ್‌ಗಳು ಹೌಸ್ ಸರ್ಜನ್ನುಗಳಿಗೆ ಡ್ರಿಪ್ ಹಾಕಲು ಕಲಿಸುವುದೂ ಈ ಒಪ್ಪಂದದ ಮೇಲೆಯೇ.

ಬುಲ್ಗಾಕೋವನಿಗೂ ಒಂದು ಮಿತಿ ಇದೆ. ಅವನ ರೈತರು ಹೆಚ್ಚುಪಾಲು ಕತ್ತಲು. ಹಲವು ಸಲವಾಗಿ ತೆಗೆದುಕೊಳ್ಳಬೇಕಾದ ಕ್ವಿನೈನನ್ನು ಒಂದೇ ಸಲ ನುಂಗುವ ಮನುಷ್ಯ ಬರುವ ಕಥೆಗೆ ಅವನು ಈಜಿಪ್ಟಿನ ಕತ್ತಲೆಯನ್ನು ನೆನಪಿಸುವ ಹೆಸರನ್ನೇ ಇಟ್ಟಿದ್ದಾನೆ. ಕಾಲು ಕಳೆದುಕೊಂಡ ಹುಡುಗಿ ಕೊನೆಗೆ ಕಸೂತಿ ಹಾಕಿದ ಟವೆಲೊಂದನ್ನು ತಂದುಕೊಟ್ಟು ಕಥೆಯಿಂದ ಹೊರಗೆ ಹೋಗುತ್ತಾಳೆ. ಅವಳಿಗೆ ಆ ಮೇಜಿನ ಮೇಲೆ ಏನಾಯಿತು, ಈ ಹುಡುಗನ ಕಣ್ಣಲ್ಲಿ ಅವಳು ಏನು ಕಂಡಳು ಎಂಬುದು ನಮಗೆ ತಿಳಿಯುವುದಿಲ್ಲ. ಕಲಿಯುವ ಕೈಯನ್ನು ಅವನು ತೋರಿಸಿದ. ಕಲಿಸುವ ಮೈ ಅಲ್ಲಿಯೂ ಅರ್ಧ ನೆರಳಲ್ಲಿದೆ.

3

ಅನ್ನಾ ನಿಕೊಲಾಯೆವ್ನಾಳ ಸಂತತಿಯನ್ನು ಹುಡುಕಲು ನಾವು ರಷ್ಯಕ್ಕೆ ಹೋಗಬೇಕಾಗಿಲ್ಲ. ಚಳ್ಳಕೆರೆ ತಾಲ್ಲೂಕಿಗೆ ಅಂಟಿಕೊಂಡ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ ಸೂಲಗಿತ್ತಿ ನರಸಮ್ಮ ಇದ್ದರು. ಮನೆಮಾತು ತೆಲುಗು, ಅಕ್ಷರ ಬಾರದು. ಹೆರಿಗೆ ಮಾಡಿಸುವುದನ್ನು ಕಲಿತದ್ದು ಅಜ್ಜಿ ಮರಿಗೆಮ್ಮನಿಂದ. ನರಸಮ್ಮನವರಿಗೆ ಹುಟ್ಟಿದ 12 ಮಕ್ಕಳಲ್ಲಿ ಕೆಲವರನ್ನು ಬರಮಾಡಿಕೊಂಡದ್ದು ಆ ಅಜ್ಜಿಯ ಕೈಯೇ. ಅಂದರೆ ಈ ಶಿಷ್ಯೆ ಗುರುವಿನ ಕೈಯನ್ನು ತನ್ನ ಮೈಯಲ್ಲಿ ಅರಿತವಳು. ಇಪ್ಪತ್ತರ ಹರೆಯದಲ್ಲಿ, 1940ರ ಸುಮಾರಿಗೆ, ಅತ್ತೆಯೊಬ್ಬರ ಹೆರಿಗೆಗೆ ಮೊದಲ ಸಲ ಕೈ ಕೊಟ್ಟರು. ಆಮೇಲೆ ಅವರ ಕೈಗೆ ಬಂದ ಶಿಶುಗಳು 15,000ಕ್ಕೂ ಹೆಚ್ಚು ಎನ್ನುತ್ತಾರೆ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ನರಸಮ್ಮನವರನ್ನು ಕನ್ನಡ ಕೊಂಡಾಡಿದ ಬಗೆಯಲ್ಲಿ ನನಗೊಂದು ತಕರಾರಿದೆ. ಬರಹಗಳಲ್ಲೆಲ್ಲ 15,000 ಎಂಬ ಅಂಕಿ ಮುಂದೆ ನಡೆಯಿತು, ಕೈ ಹಿಂದೆ ಉಳಿಯಿತು. ಹೊಟ್ಟೆಯ ಮೇಲೆ ಅಂಗೈ ಇಟ್ಟು ಮಗುವಿನ ತಲೆ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಅದನ್ನು ಅಜ್ಜಿ ಯಾವ ಮಾತಿನಲ್ಲಿ ಹೇಳಿಕೊಟ್ಟಳು? ಮೊದಮೊದಲು ಯಾವುದು ತಿಳಿಯಲಿಲ್ಲ? ಕೈಮೀರಿದ ಹೆರಿಗೆಗಳ ನೆನಪು ಆ ಕೈಗೆ ಹೇಗಿತ್ತು? ಪವಾಡದ ಕಥೆಯಲ್ಲಿ ಇವಕ್ಕೆ ಜಾಗವಿಲ್ಲ. ಪವಾಡವಾಗಿ ಕಂಡವರನ್ನು ಕಲಿತವರಾಗಿ ಕಾಣಲು ನಮಗೆ ಮನಸ್ಸಾಗುವುದಿಲ್ಲ. ಮೆಡಿಕಲ್ ಕಾಲೇಜಿನ ಡಾಕ್ಟರನ್ನು ಸಂಹಿತೆಯಾಗಿಸಿದ ಹಾಗೆ ಸೂಲಗಿತ್ತಿಯನ್ನು ದೇವತೆಯಾಗಿಸಿದೆವು. ಇಬ್ಬರ ಕಲಿಕೆಯೂ ಕಾಣೆಯಾಯಿತು.

ಇದರಲ್ಲಿ ಜಾತಿಯ ಮಾತೂ ಇದೆ. ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಸೂಲಗಿತ್ತಿಯರು ಕೆಳಗೆಂದು ಕರೆಸಿಕೊಂಡ ಜಾತಿಗಳ ಹೆಂಗಸರು. ಹೆರಿಗೆಯ ಹೊತ್ತಿನಲ್ಲಿ ಅವರು ಒಳಮನೆಗೆ ಬೇಕು, ಮರುದಿನ ಹೊಸಿಲಾಚೆ ನಿಲ್ಲಬೇಕು. ಮುಟ್ಟಿ ಕಲಿತ ವಿದ್ಯೆಯನ್ನು ಮುಟ್ಟಬಾರದವರ ಪಾಲಿಗೆ ಬಿಟ್ಟ ಸಮಾಜ ಅದನ್ನು ವಿದ್ಯೆಯೆಂದು ಬರೆದಿಡದೇ ಹೋದದ್ದು ಆಕಸ್ಮಿಕವಲ್ಲ. ಬಂಗಾಳಿಯ ತಾರಾಶಂಕರ ಬಂದೋಪಾಧ್ಯಾಯರು ‘ಆರೋಗ್ಯ ನಿಕೇತನ’ದಲ್ಲಿ ನಾಡಿ ನೋಡುವ ಹಳ್ಳಿವೈದ್ಯ ಜೀವನ ಮಶಾಯ್‌ಗೂ ಹೊಸ ಡಾಕ್ಟರ್ ಪ್ರದ್ಯೋತನಿಗೂ ನಡುವಿನ ಜಗಳವನ್ನು ದೊಡ್ಡ ಕಾದಂಬರಿಯಾಗಿಸಿದರು, 1956ರ ಅಕಾಡೆಮಿ ಪ್ರಶಸ್ತಿಯೂ ಬಂತು. ಜೀವನ ಮಶಾಯ್ ತಂದೆಯಿಂದ ನಾಡಿ ಕಲಿಯುವುದು ಅಲ್ಲಿ ವಿಸ್ತಾರವಾಗಿ ಬರುತ್ತದೆ. ಆದರೆ ಅದು ಮನೆತನದ ಗಂಡಸಿನ ವಿದ್ಯೆ. ಸೂಲಗಿತ್ತಿಗೂ ಹೌಸ್ ಸರ್ಜನ್ನಿಗೂ ನಡುವಿನ ಇಂಥ ಕಾದಂಬರಿ ಕನ್ನಡದಲ್ಲಿ ಇನ್ನೂ ಬರಬೇಕಾಗಿದೆ.

4

ಅದು ಬರಬಹುದಾದ ಜಾಗ ಯಾವುದೆಂದು ಕೇಳಿದರೆ ನಾನು ಕುದಾಪುರದಿಂದ ಹೊರಡುವ ದಾರಿಯನ್ನು ತೋರಿಸುತ್ತೇನೆ. ಚಳ್ಳಕೆರೆ ತಾಲ್ಲೂಕಿನ ಈ ಊರು ಹೊರಗಿನವರಿಗೆ ಗೊತ್ತಿರುವುದು ಅಮೃತಮಹಲ್ ಕಾವಲಿನಿಂದ, ಅದರಲ್ಲಿ ಎದ್ದ ಸಂಸ್ಥೆಗಳಿಂದ. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಇಲ್ಲಿ ಸುಮಾರು 1,500 ಎಕರೆಯಲ್ಲಿದೆ. ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರು ಬಂದು ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿತು ಹೋಗುವ ತರಬೇತಿ ಕೇಂದ್ರವೂ ಅಲ್ಲಿದೆ. ಮಾಡಿ ಕಲಿ ಎಂಬ ಮಾತಿಗೆ ಅದು ಒಳ್ಳೆಯ ಜಾಗ. ಆದರೆ ಪ್ರಯೋಗಶಾಲೆಯಲ್ಲಿ ಕೈ ತಪ್ಪಿದರೆ ಗಾಜು ಒಡೆಯುತ್ತದೆ, ಇನ್ನೊಂದು ತರಿಸಿದರಾಯಿತು. ಅದೇ ಊರಿನಲ್ಲಿ ಯಾರಿಗಾದರೂ ಎದೆನೋವು ಬಂದರೆ ಅವರು ಹಿಡಿಯುವ ದಾರಿ ಬೇರೆ: ಪಕ್ಕದ ನಾಯಕನಹಟ್ಟಿಯ ಆಸ್ಪತ್ರೆ, ಅಲ್ಲಿಂದ ಚಳ್ಳಕೆರೆ, ಅಲ್ಲಿಂದ ಚಿತ್ರದುರ್ಗ, ಅದೂ ಸಾಲದಾದರೆ ದಾವಣಗೆರೆ. ಮೊಳಕಾಲ್ಮುರು ಕಡೆಯವರಿಗೆ ಬಳ್ಳಾರಿ ಹತ್ತಿರ. ಆ ದಾರಿಯುದ್ದಕ್ಕೂ ಕಲಿಯುತ್ತಿರುವ ಕೈಗಳಿವೆ. ಅಲ್ಲಿ ಒಡೆಯುವುದು ಗಾಜಲ್ಲ.

ಕರ್ನಾಟಕದಲ್ಲಿ ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು 2012ರ ಕಾಯ್ದೆ ಹೇಳಿತು. ಬುಲ್ಗಾಕೋವನಿಗೆ ಒದಗಿದ ಸಂದರ್ಭವನ್ನೇ ಕಾನೂನು ಇಲ್ಲಿ ಮತ್ತೆ ಹುಟ್ಟಿಸುತ್ತದೆ: ಈಚೆಗಷ್ಟೇ ಓದು ಮುಗಿಸಿದ ಡಾಕ್ಟರು, ಗುರುತಿಲ್ಲದ ಊರು, ರಾತ್ರಿ ಬಾಗಿಲು ಬಡಿಯುವ ಜನ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬುಲ್ಗಾಕೋವನ ಹುಡುಗ ಹಿಮದಲ್ಲಿ ಸಿಕ್ಕಿಕೊಂಡಿದ್ದ. ಬೇರೆ ಕಡೆಗೆ ಕಳಿಸುವಂತಿರಲಿಲ್ಲ. ಇಲ್ಲಿ 108 ಇದೆ, ಚೀಟಿ ಇದೆ. ನಮ್ಮ ಕಡೆ ‘ಬರ್ಕೊಟ್ರು’ ಎಂಬ ಒಂದು ಮಾತಿಗೆ ಈಗ ಪೂರ್ತಿ ಒಂದು ಕಥೆಯ ಅರ್ಥವಿದೆ. ‘ದುರ್ಗಕ್ಕೆ ಬರ್ಕೊಟ್ರು’ ಎಂದರೆ ಇಲ್ಲಿ ಆಗಲ್ಲ ಅಂದರು, ದುಡ್ಡು ಹೊಂಚಬೇಕು, ಯಾರಾದರೂ ಜೊತೆಗೆ ಬರಬೇಕು, ಕೂಲಿ ಹೋಯಿತು ಎಂದೆಲ್ಲ. ಬರೆದುಕೊಡುವ ಹುಡುಗಿಗೂ ಅದು ಸುಲಭದ ಮಾತಲ್ಲ. ತನ್ನ ಕೈಯಿಂದ ಆಗದ್ದನ್ನು ಕಳಿಸಿಬಿಡುವುದೇ ರೋಗಿಗೆ ಕ್ಷೇಮ ಎನ್ನುವುದು ಒಂದು ನ್ಯಾಯ. ಎಲ್ಲವನ್ನೂ ಕಳಿಸುತ್ತಲೇ ಇದ್ದರೆ ಕೈ ಎಂದಿಗೂ ಕಲಿಯುವುದಿಲ್ಲ, ನಾಳೆ ದಾರಿಯಲ್ಲೇ ಜೀವ ಹೋಗುವಂಥವರು ಬಂದಾಗ ಆ ಕೈ ಕೆಲಸಕ್ಕೆ ಬರುವುದಿಲ್ಲ ಎನ್ನುವುದು ಇನ್ನೊಂದು ನ್ಯಾಯ. ಈ ಎರಡು ನ್ಯಾಯಗಳ ನಡುವೆ ಒಂದು ಚೀಟಿ ಬರೆಯುವಷ್ಟು ಹೊತ್ತಿದೆ. ಕಥೆಗಾರರಿಗೆ ಇದಕ್ಕಿಂತ ಗಟ್ಟಿಯಾದ ಹೊತ್ತು ಬೇಕೆ?

2023ರಲ್ಲಿ ಚಿತ್ರದುರ್ಗಕ್ಕೆ ಸರ್ಕಾರಿ ಮೆಡಿಕಲ್ ಕಾಲೇಜು ಬಂತು. ಜಿಲ್ಲಾಸ್ಪತ್ರೆ ಅದರ ಬೋಧನಾ ಆಸ್ಪತ್ರೆ. ಇದು ಸಂತೋಷದ ಸುದ್ದಿ, ಬಹಳ ವರ್ಷ ಕಾದು ಪಡೆದದ್ದು. ಇದರ ಇನ್ನೊಂದು ಅರ್ಥವನ್ನೂ ನಾವು ಬಾಯಿಬಿಟ್ಟು ಹೇಳಿಕೊಳ್ಳಬೇಕು. ಚಳ್ಳಕೆರೆ, ಮೊಳಕಾಲ್ಮುರು, ಹಿರಿಯೂರು ಸೀಮೆಯ ಜನರ ಮೈ ಇನ್ನು ಮುಂದೆ ಪಠ್ಯವೂ ಹೌದು. ದುಡ್ಡಿದ್ದವರು ಖಾಸಗಿ ನರ್ಸಿಂಗ್ ಹೋಮಿಗೆ ಹೋಗಿ ಪಳಗಿದ ಕೈಯನ್ನು ಕೊಂಡುಕೊಳ್ಳುತ್ತಾರೆ. ಆ ಕೈ ಪಳಗಿದ್ದು ಕೊಳ್ಳಲಾಗದವರ ಮೈಮೇಲೆ. ಈ ಸಾಲ ಶವಾಗಾರದಿಂದಲೇ ಆರಂಭ. ಕರ್ನಾಟಕದ 1957ರ ಅಂಗರಚನಾ ಕಾಯ್ದೆಯ ಪ್ರಕಾರ ವಾರಸುದಾರರಿಲ್ಲದ ಶವಗಳು ಮೆಡಿಕಲ್ ಕಾಲೇಜುಗಳಿಗೆ ಹೋಗಬಹುದು. ದೇಹದಾನ ಈಗ ಹೆಚ್ಚುತ್ತಿದೆ, ಒಳ್ಳೆಯದು. ಆದರೆ ಎಷ್ಟೋ ತಲೆಮಾರುಗಳ ಡಾಕ್ಟರುಗಳ ಮೊದಲ ಗುರು ಬಸ್‌ಸ್ಟ್ಯಾಂಡಿನಲ್ಲೋ ರೈಲ್ವೆ ಹಳಿಯ ಪಕ್ಕದಲ್ಲೋ ಸತ್ತು, ಹೆಸರು ಹೇಳುವವರಿಲ್ಲದೆ ಬಂದವನು. ಅವನ ಮೈಯ ಒಂದೊಂದು ಎಳೆಯ ಹೆಸರನ್ನೂ ಕಲಿತವರಿಗೆ ಅವನ ಹೆಸರು ಮಾತ್ರ ಗೊತ್ತಿರಲಿಲ್ಲ.

ಭಾಷೆಯ ತೊಡಕು ಇದರ ಜೊತೆಗೇ ಇದೆ. ವಾರ್ಡಿನಲ್ಲಿ ಸಿಸ್ಟರ್ ‘ನರ ಸಿಗ್ತಾ ಇಲ್ಲ’ ಎನ್ನುತ್ತಾರೆ. ಮಂಚದಲ್ಲಿರುವವರೂ ‘ನಂದು ನರ ಸಣ್ಣ ಕಣಮ್ಮ, ಈ ಕೈಯಾಗೆ ನೋಡು’ ಎನ್ನುತ್ತಾರೆ. ಪಠ್ಯದ ಕನ್ನಡದಲ್ಲಿ ನರವೆಂದರೆ ಬೇರೆಯೇ ಒಂದು ಅಂಗ; ಸೂಜಿ ಹುಡುಕುತ್ತಿರುವುದಕ್ಕೆ ಅಲ್ಲಿ ಅಭಿಧಮನಿ ಎಂದು ಹೆಸರು. ಅಭಿಧಮನಿ ಎಂದು ಮಂಚದ ಪಕ್ಕ ನಿಂತು ಯಾರೂ ಹೇಳುವುದಿಲ್ಲ. ಕೇಸ್ ಶೀಟಿಗೆ ಇಳಿಯುವಾಗ ಎರಡೂ ಬಿಟ್ಟುಹೋಗಿ ಇಂಗ್ಲಿಷ್ ಉಳಿಯುತ್ತದೆ. ‘ಹೊಟ್ಟೆ ಕಿವುಚಿದಂಗೆ ಆಗ್ತೈತೆ’, ‘ಎದೆ ಝಲ್ ಅಂತೈತೆ’, ‘ಸೊಂಟದಾಗೆ ಚಳುಕು’, ‘ಕೈಕಾಲು ಜೋಮು ಹಿಡಿತೈತೆ’, ‘ಸಂಕಟ’ ಇವು ಒಂದೊಂದೂ ಬೇರೆ ನೋವು, ಬೇರೆ ಹೊತ್ತು, ಬೇರೆ ಭಯ. ಶೀಟಿನಲ್ಲಿ ಎಲ್ಲ ಒಂದೆರಡು ಪದಕ್ಕೆ ಅಡಗುತ್ತವೆ. ಈ ಸೀಮೆಯಲ್ಲಿ ಮನೆಯಲ್ಲಿ ತೆಲುಗಾಡುವವರೂ ಬಹಳ. ಅವರ ನೋವು ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ಎರಡು ಹೊಳೆ ದಾಟಬೇಕು. ಡಾ. ಡಿ.ಎಸ್. ಶಿವಪ್ಪನವರಂಥವರು ಇಂಗ್ಲಿಷಿನ ವೈದ್ಯಪದಗಳನ್ನು ಕನ್ನಡಕ್ಕೆ ತರಲು ಜೀವಮಾನ ತೇದರು. ಈಗ ಆಚೆ ದಡದಿಂದಲೂ ಸೇತುವೆ ಕಟ್ಟಬೇಕು, ರೋಗಿಯ ಮಾತಿನಿಂದ ಡಾಕ್ಟರ ಕಿವಿಯ ಕಡೆಗೆ. ಆ ಕೆಲಸ ಪದಕೋಶಕ್ಕಿಂತ ಕಥೆಗೆ ಚೆನ್ನಾಗಿ ಸಾಧ್ಯ. ಪದದ ಜೊತೆಗೆ ಮುಖವೂ, ತಡೆದು ನಿಂತ ಉಸಿರೂ ಕಥೆಯಲ್ಲಿರುತ್ತವೆ.

ಒಂದು ಉದಾಹರಣೆ ನೋಡಿ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ನಮ್ಮ ನಾಡಿನ ದೊಡ್ಡ ಹಾಡುಗಾತಿ. ಅವರ ಸಾವಿರಾರು ಹಾಡುಗಳನ್ನು ಜಾನಪದ ವಿದ್ವಾಂಸರು ಬರೆದುಕೊಂಡರು. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಬಾಣಂತಿಯನ್ನೂ ಕೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಇಡುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಆರೋಗ್ಯ ಇಲಾಖೆ ಅದನ್ನು ಅಂಕಿಯಾಗಿ ಬರೆದುಕೊಳ್ಳುತ್ತದೆ. ಜಾನಪದದವರು ಹಾಡು ತೆಗೆದುಕೊಂಡರು, ಇಲಾಖೆಯವರು ಲೆಕ್ಕ ತೆಗೆದುಕೊಂಡರು. ಮಳೆಯ ರಾತ್ರಿ ಆ ಗುಡಿಸಲ ಬಾಗಿಲಲ್ಲಿ ಬಗ್ಗಿ ನಿಂತು ಒಳಗೆ ಟಾರ್ಚು ಬಿಡುವ ಆಶಾ ಕಾರ್ಯಕರ್ತೆಗೂ, ಅವಳ ಹಿಂದೆ ನಿಂತ ಹೊಸ ಡಾಕ್ಟರಿಗೂ ಕಾಣುವುದೇನು ಎಂಬುದನ್ನು ಬರೆದುಕೊಂಡವರು ಯಾರು? ಪದ್ಧತಿಯನ್ನು ಬೈಯುವುದು ಸುಲಭ, ಅದು ಪಠ್ಯದಲ್ಲೇ ಇದೆ. ಒಳಗಿರುವವಳ ಜೊತೆ ಯಾವ ಮಾತಿನಿಂದ ಶುರು ಮಾಡಬೇಕು ಎಂಬುದು ಪಠ್ಯದಲ್ಲಿಲ್ಲ.

5

ಇದೆಲ್ಲಕ್ಕೆ ಎದುರಾಗುವ ಮಾತುಗಳು ನನಗೆ ಗೊತ್ತು. ಮೊದಲನೆಯದು ಗುಟ್ಟಿನದು. ರೋಗಿಯ ವಿಷಯ ಹೊರಗೆ ಹೇಳುವಂತಿಲ್ಲ ಎಂಬುದು ವೃತ್ತಿಯ ಪ್ರತಿಜ್ಞೆ. ಅದು ಮೀರಬಾರದ ಗೆರೆ. ಆದರೆ ಹೆಸರು, ಊರು, ಗುರುತುಗಳನ್ನು ಕಳಚಿ ಬರೆಯುವ ಕಥನಕ್ಕೆ ಜಗತ್ತಿನ ವೈದ್ಯಲೇಖಕರೆಲ್ಲ ದಾರಿ ಕಂಡುಕೊಂಡಿದ್ದಾರೆ. ಎರಡನೆಯದು ನಂಬಿಕೆಯದು. ಮೊದಲೇ ಡಾಕ್ಟರುಗಳ ಮೇಲೆ ಕೈ ಮಾಡುವ ಕಾಲ ಇದು, ಆಸ್ಪತ್ರೆಯ ಗಾಜು ಒಡೆಯುವ ಸುದ್ದಿ ಓದುತ್ತಲೇ ಇರುತ್ತೇವೆ, ಇಂಥದ್ದರಲ್ಲಿ ನಮ್ಮ ಕೈ ನಡುಗಿತ್ತು ಎಂದು ಬರೆದರೆ ಜನ ಏನೆಂದುಕೊಂಡಾರು ಎಂಬ ಪ್ರಶ್ನೆ. ಇದು ಸುಮ್ಮನೆ ತಳ್ಳಿಹಾಕುವ ಭಯವಲ್ಲ. ಆದರೂ ಡಾಕ್ಟರು ದೇವರು ಎಂದು ನಂಬಿಸಿದ್ದರ ಮರುಮುಖವೇ ದೇವರು ಕೈಬಿಟ್ಟಾಗಿನ ಸಿಟ್ಟು ಎಂದು ನನಗೆ ಅನ್ನಿಸುತ್ತದೆ. ಕಲಿಯುವ ಮನುಷ್ಯನನ್ನು ಕಂಡ ಜನಕ್ಕೆ ಕ್ಷಮಿಸುವುದು ಸಾಧ್ಯ. ಸಂಹಿತೆಯನ್ನು ಯಾರೂ ಕ್ಷಮಿಸುವುದಿಲ್ಲ.

ಮೂರನೆಯ ಅಪಾಯ ನನ್ನನ್ನು ಹೆಚ್ಚು ಕಾಡುತ್ತದೆ, ಅದು ಸಾಹಿತ್ಯದ್ದು. ಎಳೆಯ ಡಾಕ್ಟರು ಬರೆಯತೊಡಗಿದರೆ ಬರಹವೆಲ್ಲ ತನ್ನ ಕಣ್ಣೀರು, ತನ್ನ ನಿದ್ದೆಗೆಟ್ಟ ರಾತ್ರಿ, ತನ್ನ ಮೊದಲ ಸಾವು ಎಂದಾಗಬಹುದು. ‘ನನ್ನ ಮೊದಲ ಸಾವು’ ಎಂಬ ಮಾತನ್ನೇ ನೋಡಿ. ಸತ್ತವರು ಬೇರೆ ಯಾರೋ, ಸಾವು ಮಾತ್ರ ಬರೆಯುವವರ ಪಾಲಿನದು. ಆಜ್ಞೆಯ ವ್ಯಾಕರಣ ಹೋಗಿ ಆತ್ಮಮರುಕದ ವ್ಯಾಕರಣ ಬಂದರೆ ಮಂಚದ ಮೇಲಿರುವವರ ಸ್ಥಿತಿಯಲ್ಲಿ ಬದಲಾವಣೆ ಏನೂ ಆಗಲಿಲ್ಲ. ಹಾಗಾಗಿ ಇಂಥ ಬರಹವನ್ನು ಓದುವಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಮಂಚದ ಮೇಲಿರುವವರು ಇದರಲ್ಲಿ ಎಷ್ಟು ಮಾತಾಡುತ್ತಾರೆ, ಮತ್ತು ಅವರ ಮಾತು ಬರೆಯುವವರಿಗೆ ಗೊತ್ತಿಲ್ಲದ್ದೇನನ್ನಾದರೂ ಹೇಳುತ್ತದೆಯೇ?

ಕೆಲಸ ಎಲ್ಲಿಂದ ಶುರುವಾಗಬಹುದು ಎಂಬುದಕ್ಕೆ ಪಠ್ಯಕ್ರಮವೇ ಒಂದು ಸಂದು ಬಿಟ್ಟಿದೆ. 2019ರಲ್ಲಿ ಬಂದ ಹೊಸ ವೈದ್ಯಶಿಕ್ಷಣ ಪದ್ಧತಿಯಲ್ಲಿ ಮೊದಲ ವರ್ಷದಿಂದಲೇ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಗೆ ಕರೆದೊಯ್ಯಬೇಕು. ನಡತೆ, ನೀತಿ, ಮಾತುಕತೆ ಕಲಿಸುವ ಭಾಗವೊಂದಿದೆ, ಅದರಲ್ಲಿ ತಾವು ಕಂಡದ್ದರ ಬಗ್ಗೆ ಯೋಚಿಸಿ ಬರೆಯುವ ಅಭ್ಯಾಸವೂ ಸೇರಿದೆ. ಈಚೆಗೆ ಹಳ್ಳಿಯ ಕೆಲವು ಕುಟುಂಬಗಳನ್ನು ಪ್ರತಿ ವಿದ್ಯಾರ್ಥಿಯೂ ದತ್ತು ತೆಗೆದುಕೊಂಡು ವರ್ಷಗಳ ಕಾಲ ಹೋಗಿಬರುವ ಕಾರ್ಯಕ್ರಮ ಸೇರಿದೆ. ಇದೆಲ್ಲ ಈಗ ಇಂಗ್ಲಿಷಿನ ಲಾಗ್‌ಬುಕ್ಕಿಗೆ ಇಳಿದು, ಸಹಿ ಬಿದ್ದು, ಕಪಾಟು ಸೇರುತ್ತದೆ. ಆ ಪುಟಗಳನ್ನು ಕನ್ನಡದಲ್ಲಿ ಬರೆಯಲು ಬಿಟ್ಟರೆ, ಬರೆದದ್ದನ್ನು ಕನ್ನಡ ವಿಭಾಗದವರೂ ಮೆಡಿಕಲ್ ಕಾಲೇಜಿನವರೂ ಒಟ್ಟಿಗೆ ಕೂತು ಓದಿದರೆ, ಸಾಧ್ಯವಾದರೆ ಆ ಕುಟುಂಬದ ಅಂಗಳದಲ್ಲೇ ಓದಿ ಹೇಳಿದರೆ, ಕೇಳಿದವರು ‘ಹಂಗಲ್ಲಪ್ಪ, ನಾನು ಅಂದಿದ್ದು ಬೇರೆ’ ಎಂದು ತಿದ್ದಬಹುದು. ವೈದ್ಯರು ಹೇಳುವುದು, ಓದುಗರು ಕೇಳುವುದು ಎಂಬ ನಮ್ಮ ವೈದ್ಯಸಾಹಿತ್ಯದ ಹಳೆಯ ವ್ಯಾಕರಣ ಅಲ್ಲಿ ಮೊದಲ ಸಲ ತಿರುಗುತ್ತದೆ.

ಬುಲ್ಗಾಕೋವನ ಹುಡುಗಿ ಕಸೂತಿ ಹಾಕಿದ ಟವೆಲು ಕೊಟ್ಟು ಸುಮ್ಮನೆ ಹೋದಳು. ನಾಯಕನಹಟ್ಟಿ ಕಡೆಯವಳೊಬ್ಬಳು ನಾಳೆ ತನ್ನ ತೋಳಿನ ಮೇಲಿನ ಕಪ್ಪಗಾದ ಗುರುತನ್ನು ತೋರಿಸಿ, ಯಾವ ಹುಡುಗ ಎಷ್ಟು ಸಲ ಚುಚ್ಚಿದ, ಚುಚ್ಚುವಾಗ ಅವನ ಹಣೆ ಹೇಗೆ ಬೆವರಿತ್ತು, ತಾನು ಅವನಿಗೆ ಏನು ಹೇಳಿ ಧೈರ್ಯ ಕೊಟ್ಟೆ ಎಂದು ತಾನೇ ಹೇಳಿದರೆ, ಅದನ್ನು ಬರೆದುಕೊಳ್ಳುವ ಕನ್ನಡ ನಮ್ಮಲ್ಲಿ ಸಿದ್ಧವಿರಬೇಕು.